ಸಾಲದ ಪ್ಲ್ಯಾನ್ ನಡೆಯುತ್ತಿರುವಾಗಲೇ ಮನೆಯ ಡೀಲ್ ಮುಗಿದರೆ?

ಬ್ರಿಟನ್ನಿನಲ್ಲಿ ಮನೆ ಕೊಂಡ ನಮ್ಮವರಲ್ಲಿ ಹೆಚ್ಚಿನವರು ಎರಡು ವರ್ಷಕ್ಕೋ ಐದು ವರ್ಷಕ್ಕೋ ಫಿಕ್ಸೆಡ್ ಬಡ್ಡಿಯ ಡೀಲ್ ಮಾಡಿಕೊಂಡಿರುತ್ತೇವೆ. ಅದು ಮುಗಿಯುವ ಹೊತ್ತಿಗೆ ಬ್ಯಾಂಕಿನಿಂದ ಕಾಗದ ಬರುತ್ತದೆ. ಬೇರೆ ಸಾಲ ಇಲ್ಲದವರಿಗೆ ಅದು ಮಾಮೂಲಿ ಕಾಗದ. ಆದರೆ ಕ್ರೆಡಿಟ್ ಕಾರ್ಡು, ಪರ್ಸನಲ್ ಲೋನು ಕಟ್ಟಲಾಗದೆ ಡೆಟ್ ಮ್ಯಾನೇಜ್‌ಮೆಂಟ್ ಪ್ಲ್ಯಾನ್, ಅಂದರೆ ಡಿ.ಎಂ.ಪಿ.ಗೆ ಸೇರಿದವರಿಗೆ ಆ ಲಕೋಟೆ ಒಡೆಯೋದಕ್ಕೇ ಭಯ. "ನಮ್ಮ ಕ್ರೆಡಿಟ್ ರಿಪೋರ್ಟ್ ನೋಡಿದ್ರೆ ಮನೇನೇ ಕಿತ್ಕೋತಾರೆ" ಅಂತ ಎಷ್ಟೋ ಮಂದಿ ಸುಮ್ಮನೆ ಕೂತುಬಿಡುತ್ತಾರೆ. ಹಾಗೆ ಸುಮ್ಮನೆ ಕೂರುವುದೇ ದುಬಾರಿ.

ಸಾಲ ಯಾಕಾಯಿತು ಎಂಬುದು ನಮಗೆಲ್ಲ ಗೊತ್ತಿರುವ ಕಥೆಯೇ. ಊರಲ್ಲಿ ಅಪ್ಪನ ಆಪರೇಷನ್, ತಂಗಿಯ ಮದುವೆ, ವೀಸಾ ಫೀಸು, ನಡುವೆ ಕೆಲಸವಿಲ್ಲದ ನಾಲ್ಕು ತಿಂಗಳು. ಅದಕ್ಕೆ ನಾಚಿಕೆಪಡುವುದರಿಂದ ಒಂದು ಪೌಂಡೂ ಉಳಿಯುವುದಿಲ್ಲ.

ಸುಮ್ಮನಿದ್ದರೆ ಎಷ್ಟು ನಷ್ಟ?

ಹೊಸ ಡೀಲ್ ಆರಿಸದಿದ್ದರೆ ಮಾರ್ಟ್‌ಗೇಜ್ ತಾನಾಗಿಯೇ ಬ್ಯಾಂಕಿನ ಸ್ಟ್ಯಾಂಡರ್ಡ್ ವೇರಿಯಬಲ್ ರೇಟಿಗೆ ಹೋಗುತ್ತದೆ. ಇದು ಸಾಮಾನ್ಯವಾಗಿ ಫಿಕ್ಸೆಡ್ ದರಕ್ಕಿಂತ ಜಾಸ್ತಿ. ಉದಾಹರಣೆಗೆ 1,50,000 ಪೌಂಡ್ ಸಾಲ, ಇನ್ನೂ 25 ವರ್ಷ ಬಾಕಿ ಎಂದುಕೊಳ್ಳಿ. ಬಡ್ಡಿ ಶೇ. 4.5 ಇದ್ದರೆ ತಿಂಗಳ ಕಂತು ಸುಮಾರು 834 ಪೌಂಡ್. ಶೇ. 7.5 ಆದರೆ ಸುಮಾರು 1,108. ತಿಂಗಳಿಗೆ 270ಕ್ಕೂ ಹೆಚ್ಚು ಪೌಂಡ್ ವ್ಯತ್ಯಾಸ! ಎಷ್ಟೋ ಮನೆಗಳಲ್ಲಿ ಡಿ.ಎಂ.ಪಿ.ಗೆ ಕಟ್ಟುವ ಹಣವೇ ಅಷ್ಟಿರುವುದಿಲ್ಲ.

ಮೊದಲು ನಮ್ಮದೇ ಬ್ಯಾಂಕು

ಬೇರೆ ಬ್ಯಾಂಕಿಗೆ ಹೋದರೆ ಅದು ಹೊಸ ಅರ್ಜಿ. ಅವರು ಕ್ರೆಡಿಟ್ ರಿಪೋರ್ಟ್ ನೋಡೇ ನೋಡುತ್ತಾರೆ. ಡಿಫಾಲ್ಟ್ ಆದ ಸಾಲ ಆ ದಿನದಿಂದ ಆರು ವರ್ಷ ರಿಪೋರ್ಟಿನಲ್ಲಿ ಉಳಿಯುತ್ತದೆ. ಹಾಗಾಗಿ ಬೇಡ ಅನ್ನಬಹುದು, ಇಲ್ಲವೇ ಹೆಚ್ಚು ಬಡ್ಡಿ ಕೇಳಬಹುದು.

ಈಗಿರುವ ಬ್ಯಾಂಕಿನಲ್ಲೇ ಡೀಲ್ ಬದಲಿಸುವುದು ಬೇರೆ ವಿಷಯ. ಇದಕ್ಕೆ ಪ್ರಾಡಕ್ಟ್ ಟ್ರಾನ್ಸ್‌ಫರ್ ಎನ್ನುತ್ತಾರೆ. ಅದೇ ಸಾಲ, ಅದೇ ಅವಧಿ, ಅದೇ ಹೆಸರುಗಳು, ದರ ಮಾತ್ರ ಹೊಸದು. ಮನೆ ಕಂತು ಬಾಕಿ ಇಲ್ಲದಿದ್ದರೆ ಸಾಮಾನ್ಯವಾಗಿ ಹೊಸ ಕ್ರೆಡಿಟ್ ಚೆಕ್ಕೂ ಇಲ್ಲ, ಸಂಬಳದ ವಿಚಾರಣೆಯೂ ಇಲ್ಲ, ವಕೀಲರ ಖರ್ಚೂ ಇಲ್ಲ. 2023ರ ಜೂನ್‌ನಲ್ಲಿ ದೊಡ್ಡ ಬ್ಯಾಂಕುಗಳು ಸರ್ಕಾರದ ಜೊತೆ ಒಪ್ಪಿಕೊಂಡ ಮಾರ್ಟ್‌ಗೇಜ್ ಚಾರ್ಟರ್‌ನಲ್ಲೂ ಈ ಮಾತಿದೆ: ಕಂತು ಸರಿಯಾಗಿ ಕಟ್ಟಿದವರು ಹೊಸ ಆದಾಯ ಪರೀಕ್ಷೆ ಇಲ್ಲದೆ ಹೊಸ ಫಿಕ್ಸೆಡ್ ಡೀಲಿಗೆ ಹೋಗಬಹುದು. ಡೀಲ್ ಮುಗಿಯುವ ಕೆಲವು ತಿಂಗಳು ಮುಂಚೆಯೇ ದರ ಹಿಡಿದಿಟ್ಟುಕೊಂಡು, ಅಷ್ಟರಲ್ಲಿ ಅದೇ ಬ್ಯಾಂಕಿನ ದರ ಇಳಿದರೆ ಬದಲಾಯಿಸಿಕೊಳ್ಳಲೂ ಬಹುದು.

ಒಂದು ಎಚ್ಚರಿಕೆ. ಇದೇ ಸಮಯದಲ್ಲಿ "ಸ್ವಲ್ಪ ಜಾಸ್ತಿ ಸಾಲ ಕೊಡಿ", "ಒಬ್ಬರ ಹೆಸರು ತೆಗೆಯಿರಿ" ಎಂದು ಕೇಳಿದರೆ ಪರೀಕ್ಷೆಗಳೆಲ್ಲ ಮತ್ತೆ ಶುರುವಾಗುತ್ತವೆ. ದರ ಬದಲಾವಣೆ ಮುಗಿಯುವ ತನಕ ಬೇರೆ ಏನನ್ನೂ ಅದಕ್ಕೆ ಸೇರಿಸಬೇಡಿ.

ಕಂತು ಏರಿದರೆ?

2021ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ದರ ಡಿಸೆಂಬರ್‌ವರೆಗೂ ಶೇ. 0.1 ಇತ್ತು. 2023ರ ಆಗಸ್ಟ್‌ನಲ್ಲಿ ಅದು ಶೇ. 5.25 ಆಯಿತು. ಆಮೇಲೆ ಇಳಿಯತೊಡಗಿದರೂ ಹಳೆಯ ಅಗ್ಗದ ದರಕ್ಕೆ ಮರಳಿಲ್ಲ. ಹಾಗಾಗಿ ಹೊಸ ಡೀಲ್ ಸಿಕ್ಕರೂ ಕಂತು ಏರಬಹುದು. ಆಗ ಯಾವುದನ್ನು ಮೊದಲು ಕಟ್ಟೋದು?

ಮನೆಯನ್ನೇ. ಮಾರ್ಟ್‌ಗೇಜ್, ಕೌನ್ಸಿಲ್ ಟ್ಯಾಕ್ಸ್, ಗ್ಯಾಸು, ಕರೆಂಟು ಮೊದಲ ಪಂಕ್ತಿ. ಕಾರ್ಡು, ಪರ್ಸನಲ್ ಲೋನು ಎರಡನೇ ಪಂಕ್ತಿ. ಡಿ.ಎಂ.ಪಿ. ಇರುವುದು ಎರಡನೇ ಪಂಕ್ತಿಗೆ ಮಾತ್ರ. ಹೊಸ ಕಂತಿನ ಮೊತ್ತ ಗೊತ್ತಾದ ಕೂಡಲೇ ಪ್ಲ್ಯಾನ್ ನಡೆಸುವವರಿಗೆ ಫೋನ್ ಮಾಡಿ, ಬಜೆಟ್ ಮತ್ತೆ ಹಾಕಿಸಿ. ಊರಿಗೆ ಕಳಿಸುವ ಹಣವನ್ನೂ ಮುಚ್ಚಿಡದೆ ಹೇಳಿ. ಪ್ಲ್ಯಾನಿನ ತಿಂಗಳ ಹಣ ಕಡಿಮೆಯಾದರೆ ಅದು ಮುಗಿಯುವುದು ತಡವಾಗುತ್ತದೆ. ಸಾಲಗಾರ ಕಂಪನಿಗಳು ಒಪ್ಪಲೇಬೇಕೆಂದೇನಿಲ್ಲ, ಆದರೆ ಲೆಕ್ಕ ನೇರವಾಗಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಸ್ಕಾಟ್ಲೆಂಡಿನಲ್ಲಿ ಡೆಟ್ ಅರೇಂಜ್‌ಮೆಂಟ್ ಸ್ಕೀಮ್ ಎಂಬ ಕಾನೂನುಬದ್ಧ ವ್ಯವಸ್ಥೆ ಇದೆ. ಅಲ್ಲಿರುವವರು ಅದನ್ನೂ ವಿಚಾರಿಸಿ.

ಆದರೂ ಸಾಲದೆ ಬಂದರೆ, ಕಂತು ತಪ್ಪುವ ಮುಂಚೆಯೇ ಬ್ಯಾಂಕಿಗೆ ಹೇಳಿ. ಚಾರ್ಟರ್ ಪ್ರಕಾರ ಆರು ತಿಂಗಳು ಬಡ್ಡಿ ಮಾತ್ರ ಕಟ್ಟುವ ಅವಕಾಶವಿದೆ. ಮುಂದೆ ಕಂತು ಸ್ವಲ್ಪ ಏರುತ್ತದೆ ಎಂಬುದು ನೆನಪಿರಲಿ.

ಇವು ಬೇಡ

ಕಾರ್ಡಿನ ಸಾಲವನ್ನೆಲ್ಲ ಮನೆ ಸಾಲಕ್ಕೆ ಸೇರಿಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅವಸರಪಟ್ಟರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಮನೆಯ ಆಧಾರವಿಲ್ಲದೆ ಪಡೆದ ಸಾಲಕ್ಕೆ ನಾವೇ ಮನೆ ಒತ್ತೆಯಿಟ್ಟಂತಾಗುತ್ತದೆ. ಡಿ.ಎಂ.ಪಿ. ನಡೆಸಲು ತಿಂಗಳ ಫೀಸು ಕೇಳುವವರೂ ಇದ್ದಾರೆ. ಸ್ಟೆಪ್‌ಚೇಂಜ್ ಅದನ್ನು ಉಚಿತವಾಗಿ ಮಾಡಿಕೊಡುತ್ತದೆ. ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್‌ನಲ್ಲಿ ಸಲಹೆಯೂ ಉಚಿತ.

ಮನೆಯವರಿಗೂ ಹೇಳಿ

ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಮಾರ್ಟ್‌ಗೇಜ್ ಇದ್ದು, ಒಬ್ಬರ ಸಾಲ ಇನ್ನೊಬ್ಬರಿಗೆ ಗೊತ್ತೇ ಇಲ್ಲದ ಮನೆಗಳು ನಮ್ಮಲ್ಲಿವೆ. ಜಂಟಿ ಸಾಲದಿಂದಾಗಿ ಇಬ್ಬರ ಕ್ರೆಡಿಟ್ ಫೈಲುಗಳೂ ಒಂದಕ್ಕೊಂದು ಕೊಂಡಿಯಾಗಿರುತ್ತವೆ. ಮುಂದೆ ಅವರು ಸಾಲಕ್ಕೆ ಅರ್ಜಿ ಹಾಕಿದಾಗ ವಿಷಯ ಅಲ್ಲಿ ಹೊರಬೀಳುವುದಕ್ಕಿಂತ ಇವತ್ತು ಅಡುಗೆಮನೆಯಲ್ಲಿ ಕೂತು ಹೇಳುವುದು ಮೇಲು. ಹೊಸ ಡೀಲಿಗೆ ಹೇಗೂ ಇಬ್ಬರ ಒಪ್ಪಿಗೆಯೂ ಬೇಕು.

ಈ ವಾರ ಒಂದು ಕೆಲಸ ಮಾಡೋಣ. ಮಾರ್ಟ್‌ಗೇಜ್ ಕಾಗದ ತೆಗೆದು ಡೀಲ್ ಮುಗಿಯುವ ತಾರೀಖು ನೋಡಿ, ಅದಕ್ಕೆ ಆರು ತಿಂಗಳು ಹಿಂದಿನ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕೋಣ. ಆ ದಿನ ಈಗಾಗಲೇ ದಾಟಿದ್ದರೆ ನಾಳೆಯೇ ಬ್ಯಾಂಕಿಗೆ ಫೋನ್ ಮಾಡಿ.