ಚಾಲುಕ್ಯರ ಕಾಲದಿಂದ ಬಾಗಿಲು ಹಾಕದ ಹೋಟೆಲು

ಬಾದಾಮಿಯಲ್ಲಿ ಚಾಲುಕ್ಯ ವಿಜಯಾದಿತ್ಯ ಆಳುತ್ತಿದ್ದ ಕಾಲ. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇಗುಲ ಇನ್ನೂ ಎದ್ದಿರಲಿಲ್ಲ. ಆಗ, ಅಂದರೆ ಕ್ರಿ.ಶ. 705ರಲ್ಲಿ, ಜಪಾನಿನ ಯಾಮಾನಾಶಿ ಪ್ರಾಂತ್ಯದ ಬೆಟ್ಟಗಳ ನಡುವೆ ಬಿಸಿನೀರಿನ ಬುಗ್ಗೆಯ ಪಕ್ಕ ಶುರುವಾದ ತಂಗುಮನೆಯೊಂದು ಇವತ್ತಿಗೂ ನಡೆಯುತ್ತಿದೆ. ಹೆಸರು ನಿಶಿಯಾಮಾ ಆನ್ಸೆನ್ ಕೇಯುನ್‌ಕಾನ್. ಇದಕ್ಕಿಂತ ಹದಿಮೂರು ವರ್ಷ ಚಿಕ್ಕದು ಇಶಿಕಾವಾ ಪ್ರಾಂತ್ಯದ ಅವಾಜು ಎಂಬಲ್ಲಿರುವ ಹೋಶಿ. ತೈಚೋ ಎಂಬ ಬೌದ್ಧ ಭಿಕ್ಷುವಿನ ಕನಸಿನಲ್ಲಿ ಹಕುಸಾನ್ ಬೆಟ್ಟದ ದೈವ ಬಂದು ಬಿಸಿನೀರಿನ ಜಾಗ ತೋರಿಸಿತು ಎನ್ನುವುದು ಅದರ ಸ್ಥಳಪುರಾಣ.

ಜಗತ್ತಿನ ವಿಶಿಷ್ಟ ಹೋಟೆಲುಗಳ ಬಗ್ಗೆ ಪುಸ್ತಕ ಬರೆಯಲು ದೇಶ ಸುತ್ತುವವರು ಸಾಮಾನ್ಯವಾಗಿ ಕಣ್ಣಿಗೆ ಹೊಡೆಯುವುದನ್ನೇ ಹುಡುಕುತ್ತಾರೆ. ಸ್ವೀಡನ್ನಿನ ಯುಕಾಸ್‌ಯಾರ್ವಿಯ ಮಂಜುಗಡ್ಡೆ ಹೋಟೆಲಿನ ಹಾಗೆ. ಅದೂ ಸರಿಯೇ. ಆದರೆ ಅಂಥ ಪುಸ್ತಕದ ಮೊದಲ ಅಧ್ಯಾಯ ಜಪಾನಿನ ಸಾಂಪ್ರದಾಯಿಕ ತಂಗುಮನೆಗಳಾದ ರಿಯೋಕಾನ್‌ಗಳಿಗೇ ಸಲ್ಲಬೇಕು ಎನ್ನುವವನು ನಾನು.

ಹಳೆಯ ಹೋಟೆಲೆಂದು ಕ್ಯಾಮೆರಾ ಹಿಡಿದು ಹೋದವರಿಗೆ ಮೊದಲಿಗೆ ನಿರಾಸೆ ಕಾದಿರುತ್ತದೆ. ಹೋಶಿಯಲ್ಲಾಗಲಿ ಕೇಯುನ್‌ಕಾನ್‌ನಲ್ಲಾಗಲಿ ಹದಿಮೂರು ಶತಮಾನ ಹಿಂದಿನ ಒಂದು ಕಂಬವೂ ಸಿಗದು. ಈಗ ನಿಂತಿರುವುದು ಬಹುಮಟ್ಟಿಗೆ ಹೊಸ ಕಟ್ಟಡ. ಉಳಿದು ಬಂದಿರುವುದು ಬುಗ್ಗೆ, ಮನೆತನ, ಅತಿಥಿಯನ್ನು ನೋಡಿಕೊಳ್ಳುವ ಕ್ರಮ. ‘ಅತಿ ಹಳೆಯ ಹೋಟೆಲು’ ಎಂಬ ಗಿನ್ನೆಸ್ ದಾಖಲೆ ಮೊದಲು ಹೋಶಿಯ ಹೆಸರಿನಲ್ಲಿತ್ತು, 2011ರಲ್ಲಿ ಕೇಯುನ್‌ಕಾನ್‌ ಪಾಲಾಯಿತು.

ಹೋಶಿಯಲ್ಲಿ ಯಜಮಾನನಾದವನು ತನ್ನ ಹೆಸರನ್ನು ಬಿಟ್ಟು ‘ಜೆಂಗೊರೋ’ ಆಗುತ್ತಾನೆ. ಹೀಗೆ ನಲವತ್ತಾರು ಜೆಂಗೊರೋಗಳು ಆಗಿದ್ದಾರೆ. ಅಷ್ಟು ತಲೆಮಾರು ಗಂಡುಮಕ್ಕಳೇ ಹುಟ್ಟುತ್ತಾ ಹೋದರೇ ಎಂದು ಅನುಮಾನ ಬರುವುದು ಸಹಜ. ಗಂಡುಮಕ್ಕಳಿಲ್ಲದಿದ್ದರೆ, ಇದ್ದವನು ನಾಲಾಯಕ್ಕಾದರೆ, ಮನೆ ಅಳಿಯನನ್ನು ತಂದು ದತ್ತು ಮಾಡಿಕೊಂಡು ಮನೆತನದ ಹೆಸರು ಕೊಡುವುದು ಜಪಾನಿನ ವ್ಯಾಪಾರಿ ಮನೆಗಳ ಹಳೆಯ ಪದ್ಧತಿ. ಕೇಯುನ್‌ಕಾನ್ ಮಾತ್ರ 2017ರಲ್ಲಿ ಈ ಸರಪಳಿ ಕಡಿದುಕೊಂಡಿತು. ಮನೆಯವರಲ್ಲಿ ಮುಂದೆ ಬರುವವರಿಲ್ಲದೆ, ಅಲ್ಲೇ ದುಡಿದು ಮೇಲೆ ಬಂದ ನೌಕರನ ಕೈಗೆ ಆಡಳಿತ ಹೋಯಿತು.

ಇನ್ನು ಒಳಗಿನ ದಿನಚರಿ. ಮಧ್ಯಾಹ್ನ ಮೂರರ ಸುಮಾರಿಗೆ ಬಂದವರು ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಕೋಣೆಯ ತತಾಮಿ ಚಾಪೆಯ ಮೇಲೆ ಒಳಗಿನ ಸ್ಲಿಪ್ಪರಿಗೂ ಪ್ರವೇಶವಿಲ್ಲ. ಶೌಚಾಲಯಕ್ಕೆ ಬೇರೆಯದೇ ಜೋಡಿ. ಚಹಾ ಮತ್ತು ಒಂದು ತುಣುಕು ಸಿಹಿ ಬರುತ್ತದೆ. ಉಟ್ಟುಕೊಳ್ಳಲು ಯುಕಾತಾ ಎಂಬ ಹತ್ತಿಯ ನಿಲುವಂಗಿ ಇಟ್ಟಿರುತ್ತಾರೆ. ಅದರ ಎಡ ಅಂಚು ಬಲದ ಮೇಲೆ ಬರಬೇಕು. ತಿರುಗಾಮುರುಗಾ ಉಟ್ಟರೆ ಅಲ್ಲಿನವರು ಹೌಹಾರುತ್ತಾರೆ, ಏಕೆಂದರೆ ಹಾಗೆ ಉಡಿಸುವುದು ಹೆಣಕ್ಕೆ.

ಬಿಸಿನೀರಿನ ಕೊಳಕ್ಕೆ ಇಳಿಯುವ ಮುನ್ನ ಗಿಡ್ಡ ಮಣೆಯ ಮೇಲೆ ಕೂತು ಸೋಪು ಹಚ್ಚಿ, ಉಜ್ಜಿ, ನೊರೆ ಪೂರ್ತಿ ತೊಳೆದುಕೊಳ್ಳಬೇಕು. ಕೊಳವಿರುವುದು ನೆನೆಯಲಿಕ್ಕೆ, ಕೊಳೆ ತೆಗೆಯಲಿಕ್ಕಲ್ಲ. ಮೈಮೇಲೆ ಒಂದು ಎಳೆ ಬಟ್ಟೆಯೂ ಇರಕೂಡದು. ಪುಟ್ಟ ಟವೆಲನ್ನು ಮಡಚಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ಕೊಳ. ಹಚ್ಚೆ ಹಾಕಿಸಿಕೊಂಡವರನ್ನು ಹಲವೆಡೆ ಇಂದಿಗೂ ಬಿಡುವುದಿಲ್ಲ.

ರಾತ್ರಿಯೂಟ ಆರೂವರೆಯ ಹೊತ್ತಿಗೇ. ಹತ್ತಕ್ಕೆ ಬಂದು ಅನ್ನ ಕೇಳಿದರೆ ಕಥೆ ಮುಗಿಯಿತು. ಅಂಗೈ ಅಗಲದ ತಟ್ಟೆಗಳಲ್ಲಿ ಒಂದೊಂದು ತುತ್ತಿನ ಬಗೆಗಳು ಸಾಲಾಗಿ ಬರುತ್ತವೆ. ಊಟ ಮುಗಿಸಿ ಬರುವಷ್ಟರಲ್ಲಿ ನೆಲದ ಮೇಲೆ ಹಾಸಿಗೆ ಬಿಡಿಸಿರುತ್ತಾರೆ. ಬಾಡಿಗೆಯನ್ನು ಸಾಮಾನ್ಯವಾಗಿ ಎರಡು ಊಟ ಸೇರಿಸಿ ತಲೆಗಿಷ್ಟೆಂದು ಲೆಕ್ಕ ಹಾಕುತ್ತಾರೆ, ಅಗ್ಗವಂತೂ ಅಲ್ಲ. ಇದೆಲ್ಲದರ ಮೇಲೆ ಕಣ್ಣಿಡುವವಳು ಮನೆಯ ಒಡತಿ, ಒಕಾಮಿ. ಹೆಸರು ಯಜಮಾನನದು, ರಿಯೋಕಾನ್ ನಿಂತಿರುವುದು ಇವಳ ಮೇಲೆ.

ಇಷ್ಟು ಆಳುಕೆಲಸ ಬೇಡುವ ದಂಧೆ ಕರಗುತ್ತಿರುವುದರಲ್ಲಿ ಆಶ್ಚರ್ಯವಿಲ್ಲ. 1980ರಲ್ಲಿ ಜಪಾನಿನಲ್ಲಿ 80 ಸಾವಿರಕ್ಕೂ ಹೆಚ್ಚು ರಿಯೋಕಾನ್‌ಗಳಿದ್ದವು. 2017ಕ್ಕೆ ಅವು 40 ಸಾವಿರಕ್ಕೂ ಕೆಳಗಿಳಿದಿದ್ದವು. ಮಕ್ಕಳು ಊರು ಬಿಟ್ಟು ಟೋಕಿಯೊ ಸೇರುತ್ತಾರೆ, ಕೆಲಸಕ್ಕೆ ಜನ ಸಿಗುವುದಿಲ್ಲ. ನಮ್ಮ ಮಲೆನಾಡಿನ ದೊಡ್ಡ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೋಗುವ ಮನಸ್ಸಿರುವ ಸಸ್ಯಾಹಾರಿಗಳಿಗೆ ಒಂದು ಮಾತು. ಮೀನು ಕಾಣಿಸದ ಸಾರಿನಲ್ಲೂ ಸಾಮಾನ್ಯವಾಗಿ ಒಣಮೀನಿನ ರಸವಿರುತ್ತದೆ. ಕೋಣೆ ಕಾದಿರಿಸುವಾಗಲೇ ಸ್ಪಷ್ಟವಾಗಿ ಹೇಳಿ, ಒಪ್ಪಿಗೆ ಪಡೆದೇ ಹೊರಡಿ. ಆ ರಗಳೆಯೇ ಬೇಡವೆನ್ನುವವರು ಕೋಯಾಸಾನ್ ಬೆಟ್ಟಕ್ಕೆ ಹೋಗಬಹುದು. ಕೂಕಾಯ್ ಎಂಬ ಗುರು 816ರಲ್ಲಿ ನೆಲೆ ಮಾಡಿದ ಆ ಕ್ಷೇತ್ರದಲ್ಲಿ ಐವತ್ತರಷ್ಟು ಬೌದ್ಧ ಮಠಗಳು ಯಾತ್ರಿಕರಿಗೆ ಕೋಣೆ ಕೊಡುತ್ತವೆ. ಅಲ್ಲಿನ ಸಾರು ಕಡಲಪಾಚಿ ಮತ್ತು ಅಣಬೆಯದು.