ರಕ್ತದೊಳಗಿನ ಸಹಜ ಸಂಹಾರಕ ಕಣಗಳು

ನಮ್ಮ ರಕ್ತದ ಬಿಳಿಯ ಕಣಗಳು ರೋಗದೊಡನೆ ಹೋರಾಡುವುವೆಂಬುದನ್ನು ವಿದ್ಯಾರ್ಥಿಗಳು ಪಾಠದಲ್ಲಿ ಓದಿಯೇ ಇರುವರು. ಅವುಗಳಲ್ಲಿ ಲಿಂಫೋಸೈಟ್ ಎಂಬ ಜಾತಿಯದೊಂದು ಉಂಟು. ಆ ಜಾತಿಯಲ್ಲಿ ನೂರಕ್ಕೆ ಸುಮಾರು 5ರಿಂದ 15ರಷ್ಟು ‘ನ್ಯಾಚುರಲ್ ಕಿಲ್ಲರ್’ ಕಣಗಳು. ನಾವು ಇವನ್ನು ಸಹಜ ಸಂಹಾರಕ ಕಣಗಳೆನ್ನೋಣ. ವೈರಸ್ಸು ಹೊಕ್ಕ ಜೀವಕಣವನ್ನೂ ಅರ್ಬುದದ ಜೀವಕಣವನ್ನೂ ಇವು ಪೂರ್ವಪರಿಚಯವಿಲ್ಲದೆಯೇ ಕೊಲ್ಲಬಲ್ಲುವು. ಎದುರಿನ ಕಣದ ಪೊರೆಯಲ್ಲಿ ರಂಧ್ರ ಕೊರೆದು, ಅದು ತಾನೇ ಸಾಯುವಂತೆ ಮಾಡುವ ದ್ರವ್ಯವನ್ನು ಒಳಕ್ಕೆ ಬಿಡುವುವು.

ಹಾಗಾದರೆ ಪಕ್ಕದಲ್ಲಿರುವ ನಿರೋಗಿ ಕಣವನ್ನು ಏಕೆ ಕೊಲ್ಲವು? ಕೋವಿ ಹಿಡಿದ ಕಾವಲುಗಾರನು ಮನೆಯವರಿಗೇ ಗುರಿಯಿಟ್ಟರೆ ಕಳ್ಳನಿಗಿಂತ ಅವನೇ ಹೆಚ್ಚಿನ ಕೇಡಲ್ಲವೆ!

ಉತ್ತರವು ಸಂಹಾರಕ ಕಣದ ಹೊರಮೈಯಲ್ಲಿದೆ. ಅಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳು ಚಾಚಿಕೊಂಡಿರುವುವು. ಕೆಲವು ಕೆರಳಿಸುವಂಥವು, ಕೆಲವು ತಡೆಯುವಂಥವು. ನಮ್ಮ ಶರೀರದ ಬಹುಪಾಲು ಜೀವಕಣಗಳು ಎಚ್.ಎಲ್.ಎ. ಎಂಬ ಗುರುತನ್ನು ಮೈಮೇಲೆ ಧರಿಸಿವೆ. ತಡೆಯುವ ಗ್ರಾಹಕಕ್ಕೆ ಈ ಗುರುತು ಸಿಕ್ಕಿದರೆ ‘ಇದು ನಮ್ಮದು, ಬಿಡು’ ಎಂಬ ಸೂಚನೆ ಒಳಗೆ ಹೋಗುವುದು. ಸಂಕಟಕ್ಕೊಳಗಾದ ಕಣವು ಹೊರಹಾಕುವ ಬೇರೆ ಗುರುತುಗಳನ್ನು ಕೆರಳಿಸುವ ಗ್ರಾಹಕಗಳು ಹಿಡಿಯುವುವು. ಎರಡು ಸೂಚನೆಗಳಲ್ಲಿ ಯಾವುದು ತೂಗುವುದೋ ಅದರಂತೆ ನಡೆ.

ವೈರಸ್ಸಿನ ಕುಯುಕ್ತಿಯನ್ನು ನೋಡಿರಿ. ಟಿ ಕಣಗಳೆಂಬ ಇನ್ನೊಂದು ಸೈನ್ಯವು ಎಚ್.ಎಲ್.ಎ. ಮೇಲಿಟ್ಟ ವೈರಸ್ಸಿನ ತುಣುಕನ್ನು ಕಂಡೇ ಶತ್ರುವನ್ನು ಗುರುತಿಸುವುದು. ಅದರ ಕಣ್ಣು ತಪ್ಪಿಸಲು ಹಲವು ವೈರಸ್ಸುಗಳು ಆ ಗುರುತನ್ನೇ ಕೆಳಗಿಳಿಸುವುವು. ಆದರೆ ಗುರುತಿಲ್ಲದಾಗ ಸಂಹಾರಕ ಕಣದ ಕಡಿವಾಣವು ಸಡಿಲುವುದು. ಒಬ್ಬನಿಂದ ಅಡಗಿದವನು ಮತ್ತೊಬ್ಬನ ಕೈಗೆ ಬಿದ್ದನು! ಸ್ವೀಡನ್ನಿನ ಕ್ಲಾಸ್ ಕಾರೆ ಮತ್ತು ಸಂಗಡಿಗರು 1986ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು, ಎಚ್.ಎಲ್.ಎ.ಗೆ ಸಮನಾದ ಇಲಿಯ ಗುರುತನ್ನು ಕಳೆದುಕೊಂಡ ಅರ್ಬುದದ ಕಣಗಳನ್ನು ಇಲಿಯ ಶರೀರವು ತಿರಸ್ಕರಿಸಿತು, ಗುರುತುಳ್ಳವು ಬೆಳೆದುವು.

ಕೆಂಪು ರಕ್ತಕಣಗಳಲ್ಲಿ ಈ ಗುರುತು ಇಲ್ಲವೆನ್ನುವಷ್ಟು ಅಲ್ಪ. ಆದರೂ ಅವು ಉಳಿದಿವೆಯಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಕೆರಳಿಸುವ ಗುರುತೂ ಅವುಗಳಲ್ಲಿಲ್ಲ. ಕಡಿವಾಣ ಬಿಟ್ಟರಷ್ಟೇ ಸಾಲದು, ಚಾಟಿಯೂ ಬೇಕು.

ತಾಯಿತಂದೆಗಳಿಗೂ ಈ ವಿಷಯವು ದೂರದ್ದಲ್ಲ. ರಕ್ತದ ಅರ್ಬುದವಾದವರಿಗೆ ಬಂಧುಗಳ ಅಸ್ಥಿಮಜ್ಜೆಯ ಕಣಗಳನ್ನು ಕೊಡುವುದುಂಟು. ಗುರುತುಗಳು ಹೊಂದಿದಷ್ಟೂ ಲೇಸೆಂಬುದು ಸಾಮಾನ್ಯ ನಿಯಮ. ಆದರೆ ಇಟಲಿಯ ಪೆರೂಜಾದ ವೈದ್ಯರು 2002ರಲ್ಲಿ ಪ್ರಕಟಿಸಿದ ಫಲವು ಬೇರೆ. ಅರ್ಧವಷ್ಟೇ ಹೊಂದುವ ಬಂಧುವಿನ ಸಂಹಾರಕ ಕಣಗಳಿಗೆ ರೋಗಿಯಲ್ಲಿ ತಮ್ಮನ್ನು ತಡೆಯುವ ಗುರುತು ದೊರೆಯದಿದ್ದಾಗ, ಒಂದು ಬಗೆಯ ರಕ್ತದ ಅರ್ಬುದವು ಮರುಕಳಿಸುವುದು ಕಡಿಮೆಯಾಯಿತು. ಅನ್ಯತ್ರ ನಡೆದ ಚಿಕಿತ್ಸೆಗಳಲ್ಲಿ ಫಲವು ಏಕರೂಪವಾಗಿ ಕಾಣಲಿಲ್ಲ. ಆದುದರಿಂದ ದಾನಿಯನ್ನು ಆರಿಸುವಾಗ ಈ ಅಂಶಕ್ಕೆ ಎಷ್ಟು ತೂಕ ಕೊಡಬೇಕೆಂಬುದರಲ್ಲಿ ವೈದ್ಯರಿಗೆ ಒಮ್ಮತವಿಲ್ಲ.