ನಮ್ಮ ಹುಡುಗನ ಪಾರ್ಟು ಯಾವಾಗ ಬರತೈತ್ರಿ?

ಗದಗ ಜಿಲ್ಲೆಯ ಮೆಣಸಗಿ, ಹೊಳೆಆಲೂರು ಸೀಮೆಯಲ್ಲಿ ಹಿಂಗಾರಿ ಜೋಳ, ಕಡಲೆಯ ರಾಶಿ ಮುಗಿಯಿತೆಂದರೆ ಜಾತ್ರೆ, ಜಾತ್ರೆಯೆಂದರೆ ನಾಟಕ. ಬಾಡಿಗೆಯ ಸೀನರಿ ಬಂದಿಳಿದು, ಪೇಟಿ ಮಾಸ್ತರರು ಸುರ ಹಿಡಿದು, ರಂಗಪೂಜೆಯ ಕಾಯಿ ಒಡೆದು ಪರದೆ ಏಳುವ ಹೊತ್ತಿಗೆ ರಾತ್ರಿ ಹತ್ತು ದಾಟಿರುತ್ತದೆ. ಮುಂದೆ ಚಾಪೆ ಹಾಸಿ ಕೂತ ತಾಯಿಗೆ ಕಥೆಯ ಚಿಂತೆಯಿಲ್ಲ. ಪಕ್ಕದವರನ್ನು ಆಕೆ ಕೇಳುವುದು ಒಂದೇ ಮಾತು: “ನಮ್ಮ ಹುಡುಗನ ಪಾರ್ಟು ಯಾವಾಗ ಬರತೈತ್ರಿ?”

ಬಂದಾಗ ನಾಟಕವೇ ನಿಲ್ಲಬೇಕು. ಮೈಕಿನಲ್ಲಿ ಹೆಸರು ಕೂಗುತ್ತಾರೆ, ಸೋದರಮಾವ ರಂಗ ಹತ್ತಿ ಅಂಗಿಗೆ ನೋಟು ಚುಚ್ಚುತ್ತಾನೆ. ಇದು ಆಹೇರಿ. ಅಷ್ಟು ಹೊತ್ತೂ ಖಳನಾಯಕ ಎತ್ತಿದ ಕತ್ತಿ ಎತ್ತಿದಂತೆಯೇ ನಿಂತಿರಬೇಕು. ಸತ್ತು ಬಿದ್ದ ಪಾತ್ರಧಾರಿ ಎದ್ದು ಬಂದು ಆಹೇರಿ ಇಸಿದುಕೊಂಡು ಮತ್ತೆ ಹೋಗಿ ಸತ್ತ ಕಥೆಗಳನ್ನು ಊರೂರಲ್ಲೂ ಹೇಳಿ ನಗುತ್ತಾರೆ.

ಶಾಲೆಯ ಗ್ಯಾದರಿಂಗಿಗೆ, ಬೇಸಿಗೆ ಶಿಬಿರದ ಮಕ್ಕಳ ನಾಟಕಕ್ಕೆ ಬಂದ ತಂದೆ-ತಾಯಿಯೂ ಇದೇ ಮನಸ್ಸನ್ನು ಹೊತ್ತು ಬರುತ್ತಾರೆ. ನೋಟಿನ ಜಾಗದಲ್ಲಿ ಮೊಬೈಲ್ ಬಂದಿದೆ, ಅಷ್ಟೇ.

ಮಕ್ಕಳಿಗೂ ನಾಟಕಕ್ಕೂ ಇರುವ ಈ ನಂಟು ಗದಗ ಸೀಮೆಗೆ ಹೊಸದಲ್ಲ. ಮರಾಠಿ ನಾಟಕಗಳೇ ಮೆರೆಯುತ್ತಿದ್ದ 1870ರ ದಶಕದಲ್ಲಿ ಕನ್ನಡ ನಾಟಕ ಬರೆದು, ಗದುಗಿನಲ್ಲಿ ಮಂಡಳಿ ಕಟ್ಟಿಸಿದ ಶಾಂತಕವಿ ಸಕ್ಕರಿ ಬಾಳಾಚಾರ್ಯರು (1856–1920) ವೃತ್ತಿಯಲ್ಲಿ ಶಾಲಾ ಮಾಸ್ತರರು. ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳು ನಾಟಕ ಕಂಪನಿ ನಡೆಸಿದರು. ಆಶ್ರಮದಲ್ಲಿ ಸಂಗೀತ ಕಲಿಯುವ ಅಂಧ, ಬಡ ಮಕ್ಕಳ ಊಟಕ್ಕೆ ಅದರ ಗಳಿಕೆಯೂ ಒದಗಿತು. ಪುಟ್ಟರಾಜ ಗವಾಯಿಗಳು (1914–2010) ಕಣ್ಣಿಲ್ಲದೆಯೂ ಅದಕ್ಕೆ ನಾಟಕಗಳನ್ನು ರಚಿಸಿಕೊಟ್ಟರು.

ಆಗ ಮಗುವನ್ನು ಕಂಪನಿಗೆ ಸೇರಿಸುವುದೆಂದರೆ ಹೆಚ್ಚುಕಡಿಮೆ ಮನೆಯಿಂದಲೇ ಕಳಿಸಿಕೊಟ್ಟಂತೆ. ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನ ಹತ್ತು ತುಂಬುವ ಮೊದಲೇ ವಾಮನರಾವ್ ಮಾಸ್ತರರ ಕಂಪನಿ ಸೇರಿ ಪ್ರಹ್ಲಾದ, ಧ್ರುವರ ಪಾತ್ರ ಮಾಡಿದ. ಅಲ್ಲಿ ಅವನ ದನಿ ಕೇಳಿದ ಮಿರಜಿನ ನೀಲಕಂಠಬುವಾ ಶಿಷ್ಯನನ್ನಾಗಿ ಮಾಡಿಕೊಂಡರು. ಮುಂದಿನದು ಹಿಂದೂಸ್ತಾನಿ ಸಂಗೀತದ ಚರಿತ್ರೆ. ಗುಬ್ಬಿ ಕಂಪನಿಯಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅವರ ಮಗ ಮುತ್ತುರಾಜನೂ ಒಂದೇ ರಂಗದ ಮೇಲಿದ್ದರು. ಆ ಮಗನೇ ರಾಜ್‌ಕುಮಾರ್. ಅಂಥ ಮನೆಗಳಲ್ಲಿ ನಾಟಕ ಕಳೆಗಟ್ಟದಿದ್ದರೆ ಒಲೆಯೂ ಹೊತ್ತುವುದು ಕಷ್ಟವಿತ್ತು.

ಇಂದಿನ ಮಕ್ಕಳ ರಂಗಭೂಮಿಗೆ ಆ ಹಂಗಿಲ್ಲ. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರೇ ಮುಂದೆ ಮಕ್ಕಳಿಗಾಗಿ ಬೇರೆ ಬಗೆಯ ನಾಟಕ ಕಟ್ಟಿದರು. ಅವರು 1989ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ರಂಗಾಯಣ ಬೇಸಿಗೆ ರಜೆಯಲ್ಲಿ ‘ಚಿಣ್ಣರ ಮೇಳ’ ನಡೆಸುತ್ತದೆ. ಧಾರವಾಡದ ರಂಗಾಯಣವೂ ಮಕ್ಕಳಿಗೆ ಶಿಬಿರ ನಡೆಸುತ್ತದೆ. ಹಾಡು, ಮುಖವಾಡ, ಮಣ್ಣಿನಾಟ, ಕೊನೆಗೆ ಹೆತ್ತವರೆದುರು ನಾಟಕ.

ತಂದೆ-ತಾಯಿಯ ಮುನಿಸು ಶುರುವಾಗುವುದೂ ಇಲ್ಲಿಯೇ. “ತಿಂಗಳಿಡೀ ಬಿಟ್ಟು ಬಂದೇವ್ರಿ, ನಮ್ಮ ಹುಡುಗಿಗೆ ಬರೇ ಗಿಡದ ಪಾರ್ಟೇನ್ರಿ?” ಎಂಬ ಮಾತು ಕೇಳದ ಶಿಬಿರದ ಮಾಸ್ತರರು ಸಿಗಲಾರರು. ಆದರೆ ಗುಂಪನ್ನು ನೆಚ್ಚಿ ನಾಟಕ ಕಟ್ಟುವುದಕ್ಕೆ ಕಾರಣವಿದೆ. ಮೂವತ್ತು ಮಕ್ಕಳಿರುವಲ್ಲಿ ಒಬ್ಬನನ್ನು ರಾಜ ಮಾಡಿದರೆ ಇಪ್ಪತ್ತೊಂಬತ್ತು ಮಂದಿ ನೋಡುತ್ತ ನಿಲ್ಲಬೇಕು. ಮೇಳ ಕಟ್ಟಿದರೆ ಅದೇ ಮಕ್ಕಳು ಕಾಡಾಗುತ್ತಾರೆ, ಹೊಳೆಯಾಗುತ್ತಾರೆ, ಊರಾಗುತ್ತಾರೆ, ಹಾಡುತ್ತಾರೆ. ಮಾತು ಮರೆತವನಿಗೆ ಪಕ್ಕದವಳ ದನಿ ಆಸರೆಯಾಗುತ್ತದೆ. ರಂಗದ ಹೆದರಿಕೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಟ್ಯಾಗೋರರ ಗಿಳಿಯ ಕಥೆಯಿಂದ ಕಾರಂತರು ಮಾಡಿದ ‘ಪಂಜರ ಶಾಲೆ’ಯನ್ನೇ ನೋಡಿ. ಗಿಳಿಗೆ ವಿದ್ಯೆ ಕಲಿಸಲು ರಾಜನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಸಿದ್ಧವಾಗುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ಹಾಳೆಗಳನ್ನು ಗಿಳಿಯ ಬಾಯಿಗೆ ತುರುಕುತ್ತಾರೆ. ಎಲ್ಲರೂ ಪಂಜರವನ್ನು ಹೊಗಳುವವರೇ, ಗಿಳಿಯನ್ನು ಕೇಳುವವರಿಲ್ಲ. ಸಭೆಯಲ್ಲಿ ಕೂತ ಅಪ್ಪ-ಅಮ್ಮ ಗೊಳ್ಳೆಂದು ನಗುತ್ತಾರೆ. ರಂಗದ ಮೇಲಿನ ಪಂಡಿತರು ತಮ್ಮಂತೆಯೇ ಟ್ಯೂಷನ್ನಿನ ಲೆಕ್ಕ ಹಾಕುವವರು ಎಂಬುದು ಕೆಲವರಿಗೆ ತಡವಾಗಿ ಹೊಳೆಯುತ್ತದೆ. ಮಕ್ಕಳು ದೊಡ್ಡವರನ್ನು ಅವರೆದುರೇ ಹೀಗೆ ಅಣಕಿಸಲು ರಂಗವಲ್ಲದೆ ಬೇರೆಲ್ಲಿ ಅವಕಾಶವಿದೆ?

ಮೊದಲ ಪ್ರಯೋಗದ ಒಳಮನೆಯ ಗದ್ದಲ ಹೆತ್ತವರಿಗೆ ಕಾಣಿಸುವುದಿಲ್ಲ. ಬಣ್ಣ ಹಚ್ಚಿದ ಮುಖಕ್ಕೆ ಬೆವರು ಇಳಿದು ಮೀಸೆ ಕೆನ್ನೆಗೆ ಹರಿದಿರುತ್ತದೆ. ಹುಲಿಯ ಬಾಲ ಸಿಕ್ಕಿರುವುದಿಲ್ಲ. ಎರಡನೇ ಬೆಲ್ಲಿಗೆ ಸರಿಯಾಗಿ ಮಂತ್ರಿಗೆ ಒಂದಕ್ಕೆ ಅವಸರ. ಮನೆಯಲ್ಲಿ ತಾನಾಗಿ ನೀರೂ ತಂದು ಕುಡಿಯದ ಹುಡುಗ ಇಲ್ಲಿ ಚಿಕ್ಕವಳ ಕಿರೀಟಕ್ಕೆ ಪಿನ್ನು ಹಾಕುತ್ತಿರುತ್ತಾನೆ. ಮೂರನೇ ಬೆಲ್ಲಾದ ಮೇಲೆ ಮಾಸ್ತರರ ಕೈಯಲ್ಲಿ ಏನೂ ಇಲ್ಲ.

ಈ ಹೊತ್ತಿನಲ್ಲಿ ಹೆತ್ತವರು ನೆರವಾಗುವ ದಾರಿ ಸುಲಭ. ಮಾತು ತಪ್ಪಿದಾಗ ಕೆಳಗಿನಿಂದ ಹೇಳಿಕೊಡಬೇಡಿ. ಮಗು ಮೇಳದವರನ್ನು ಬಿಟ್ಟು ನಿಮ್ಮ ಕಡೆ ನೋಡತೊಡಗುತ್ತದೆ. ಹೆಸರು ಹಿಡಿದು ಕೂಗಬೇಡಿ. ಮೊಬೈಲಿನ ಬೆಳಕು ಕತ್ತಲಲ್ಲಿ ನಿಂತ ಮಕ್ಕಳ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ. ಫೋಟೊ ನಾಟಕ ಮುಗಿದ ಮೇಲೆ ಬಣ್ಣ ಅಳಿಸುವ ಮೊದಲು ತೆಗೆಯಿರಿ. ಮುಖ್ಯವಾಗಿ, ನಿಮ್ಮ ಮಗುವಿನ ಪಾರ್ಟು ಮುಗಿಯಿತೆಂದು ಎದ್ದು ಹೋಗಬೇಡಿ. ಕೊನೆಯ ದೃಶ್ಯದಲ್ಲಿ ಬರುವ ಹುಡುಗಿಯೂ ತಿಂಗಳಿಡೀ ತಾಲೀಮು ಮಾಡಿದ್ದಾಳೆ.